ಅತ್ತೆ ಬರೆದ ಎರಡು ಅಂಕಿ

ಗುರುವಾರ ಮಧ್ಯಾಹ್ನ ಮೂರು ಗಂಟೆಯವರೆಗೂ ಸೊಸೆಗೆ ತನ್ನ ಪ್ರೋಗ್ರಾಮಿನ ಮೇಲೆ ಬಹಳ ಅಭಿಮಾನವಿತ್ತು. ಮೂರೂ ಕಾಲಿಗೆ, ಇದನ್ನು ಯಾಕಾದರೂ ಬರೆದೆನೋ ಅನ್ನಿಸಿತು.

ಅವಳನ್ನು ಸೊಸೆ ಅಂತ ಕರೆಯುತ್ತಿದ್ದುದು ಮನೆಯವರಷ್ಟೇ ಅಲ್ಲ, ಇಡೀ ಆಸ್ಪತ್ರೆ. ಅವಳ ಅತ್ತೆ ಅಲ್ಲಿ ಮೂವತ್ತೊಂದು ವರ್ಷದಿಂದ ನರ್ಸ್. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿ ಬರುವ ಕೆಲಸ, ಎಲ್ಲರ ಬಾಯಲ್ಲೂ ದೊಡ್ಡ ಸಿಸ್ಟರ್. ಆರು ವರ್ಷದ ಹಿಂದೆ ರೆಕಾರ್ಡ್ ರೂಮಿಗೆ ಸೇರಿದವಳು ಮೊದಲು ದೊಡ್ಡ ಸಿಸ್ಟರ್ ಸೊಸೆ ಆದಳು, ಬರಬರುತ್ತಾ ಬರೀ ಸೊಸೆ ಆದಳು. ಕ್ಯಾಂಟೀನಿನವನೂ "ಸೊಸೆಗೊಂದು ಟೀ" ಅಂತಲೇ ಕೂಗುತ್ತಿದ್ದ.

ಅವಳಿಗೆ ಒಪ್ಪಿಸಿದ್ದ ಕೆಲಸ ಹೀಗಿತ್ತು. ಆಸ್ಪತ್ರೆಯ ಹಳೆಯ ಸಾಫ್ಟ್‌ವೇರಿನಲ್ಲಿ ಮನೆ ಭೇಟಿಯ ವಿವರ ಬರೆಯಲು ಇದ್ದದ್ದು ಒಂದೇ ಒಂದು ಜಾಗ, 'ಷರಾ' ಅಂತ. ತೂಕಕ್ಕೆ ಬೇರೆ, ವಯಸ್ಸಿಗೆ ಬೇರೆ ಖಾನೆ ಮಾಡುವ ಬುದ್ಧಿ ಅದನ್ನು ಕಟ್ಟಿದ ಪುಣ್ಯಾತ್ಮನಿಗೆ ಬಂದಿರಲಿಲ್ಲ. ಆರು ಜನ ನರ್ಸುಗಳು ಒಂಬತ್ತು ವರ್ಷ ಅದರೊಳಗೆ ತೋಚಿದ್ದನ್ನೆಲ್ಲ ತುಂಬಿದ್ದರು. ಬರೆದದ್ದು ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಅದೇ ಮಾತು ಒಂದು ಕಾರ್ಡಿನ ಮೇಲೆ ಅಚ್ಚಾಗಿ ಮಗುವಿನ ಮನೆಗೂ ಹೋಗುತ್ತಿತ್ತು, ಮನೆಯವರು ಅದನ್ನು ಗೋಡೆಗೆ ನೇತು ಹಾಕುತ್ತಿದ್ದರು. ಈಗ ಮೇಲಿನ ಕಚೇರಿಯವರು ಪ್ರತಿ ಮಗುವಿನ ತೂಕದ ಗ್ರಾಫ್ ಕೇಳಿದ್ದರು. ಹದಿನೆಂಟು ಸಾವಿರ ಷರಾ! ಒಂದೊಂದನ್ನೇ ಓದಿ ತೂಕ ಹೆಕ್ಕುತ್ತಾ ಕೂತರೆ, ಮುಗಿಯುವ ಹೊತ್ತಿಗೆ ಸೊಸೆಯೇ ಅಜ್ಜಿಯಾಗಿರುತ್ತಿದ್ದಳು.

ಅದಕ್ಕೇ ಪ್ರೋಗ್ರಾಮ್ ಬರೆದಳು. ಸಾಲು ಓದು, ಅಕ್ಷರ ಬಿಡು, ಅಂಕಿ ಹಿಡಿ. ಹೇಳುವುದಕ್ಕೇನು, ಸುಲಭ. ಮೊದಲ ಸಲ ಓಡಿಸಿದಾಗ ಒಂದು ಮಗು ಇಪ್ಪತ್ತೇಳು ಕೆಜಿ ತೂಗಿತು. ನೋಡಿದರೆ ಅದು ಮನೆ ನಂಬರು. ಇನ್ನೊಂದು ಮಗು ಎರಡೇ ಕೆಜಿ ಅಂತ ಎದೆ ಧಸಕ್ಕೆಂದರೆ, ಅಲ್ಲಿದ್ದದ್ದು "ಗೇಟಿನಲ್ಲಿ ನಾಯಿ 2, ಜೋಪಾನ." ಮಹಡಿ, ಮೊಬೈಲ್ ನಂಬರು, ತಾರೀಖು ಎಲ್ಲವನ್ನೂ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆದಳು. ಪಕ್ಕದಲ್ಲಿ 'ವಾರ' ಅಂತಿದ್ದರೆ ಅದು ವಯಸ್ಸು, ಬಿಡು ಅಂದಳು. ಕೊನೆಗೆ ನಿಂತ ನಿಯಮ ಇಷ್ಟು: ಉಳಿದ ಅಂಕಿಗಳಲ್ಲಿ ಎರಡಕ್ಕಿಂತ ಹೆಚ್ಚು, ಹದಿಮೂರಕ್ಕಿಂತ ಕಡಿಮೆ ಇರುವ ಮೊದಲನೆಯದೇ ಮಗುವಿನ ತೂಕ. ಐದು ಜನ ನರ್ಸುಗಳು ನೋಡಿದ ಮಕ್ಕಳು ಗ್ರಾಫಿನಲ್ಲಿ ಮೆಟ್ಟಿಲು ಹತ್ತಿದಂತೆ ಸಲೀಸಾಗಿ ಬೆಳೆದವು.

ಆರನೆಯವರು ದೊಡ್ಡ ಸಿಸ್ಟರ್. ಅವರ ಮಕ್ಕಳು ಮಾತ್ರ ಬೆಳೆದವು, ಇಳಿದವು, ಮತ್ತೆ ಬೆಳೆದವು.

"ಹನ್ನೊಂದು ವಾರಕ್ಕೆ ಎಂಟು ಕೆಜಿ, ಹದಿಮೂರು ವಾರಕ್ಕೆ ಹತ್ತು, ಹದಿನೈದಕ್ಕೆ ಏಳು," ಅಂತ ದೊಡ್ಡ ಡಾಕ್ಟರು ರೆಕಾರ್ಡ್ ರೂಮಿನಲ್ಲೇ ನಿಂತು, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಅವರು ಆಸ್ಪತ್ರೆಯ ಮುಖ್ಯಸ್ಥೆ. ನಗುವಿಗೂ ಅಪಾಯಿಂಟ್‌ಮೆಂಟ್ ಬೇಕು ಅನ್ನುವಂಥ ಹೆಂಗಸು. "ಇದು ಮಗೂನೋ ಬಲೂನೋ? ಒಂದಲ್ಲ, ನೂರಾರು ಮಕ್ಕಳು ಹೀಗೇ ಇವೆ. ಮನೆಗೆ ಹೋಗದೆ ಕೂತಲ್ಲೇ ಬರೆಯೋರು ಹೀಗೆ ಬರೀತಾರೆ. ನಾನು ಬೇರೆ ಕಡೆ ನೋಡಿದೀನಿ."

"ಡಾಕ್ಟ್ರೇ, ನಮ್ಮತ್ತೆ ಹಾಗೆ ಮಾಡೋರಲ್ಲ..."

"ನಿಮ್ಮತ್ತೆ ಅಂತ ಗೊತ್ತಿದ್ದೇ ಹೇಳ್ತಿದೀನಿ. ಸೋಮವಾರ ಹತ್ತು ಗಂಟೆಗೆ ಅವರನ್ನ ಕರೆಸ್ತೀನಿ. ಅಲ್ಲೀವರೆಗೂ ಭೇಟಿಗೆ ಹೋಗೋದು ಬೇಡ. ನೀವು ಅವರ ಹತ್ರ ಇದರ ಬಗ್ಗೆ ತುಟಿ ಬಿಚ್ಚಬಾರದು. ಮನೇಲೇ ಕೂತು ಹೇಳ್ಕೊಟ್ಟಳು ಅಂತ ಮಾತು ಬಂದ್ರೆ ಅವರಿಗೂ ಕಷ್ಟ, ನಿಮಗೂ ಕಷ್ಟ."

ದೊಡ್ಡ ಸಿಸ್ಟರಿಗೆ ನಿವೃತ್ತಿ ಇನ್ನು ಮೂರೇ ತಿಂಗಳು. ಮೂವತ್ತೊಂದು ವರ್ಷ ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆಸಿಕೊಂಡವರು, ಕೊನೆಗೆ ಸುಳ್ಳು ತೂಕ ಬರೆದವರು ಅಂತ ಹೆಸರು ಹೊತ್ತು ಹೊರಗೆ ಹೋಗಬೇಕು. ಹೆಸರು ಹೊರಿಸಿದವಳು ಸ್ವಂತ ಸೊಸೆ. ಈ ಸುದ್ದಿ ಕ್ಯಾಂಟೀನಿಗೆ ಹೋದರೆ ಮುಗಿಯಿತು ಅಂದುಕೊಂಡಳು ಅವಳು.

ಕ್ಯಾಂಟೀನಿಗೆ ಹೋಗುವ ಅಗತ್ಯವೇ ಬರಲಿಲ್ಲ. ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ರಿಪೇರಿಯವನು ಎಲ್ಲ ಕೇಳಿಸಿಕೊಂಡು ಕೂತಿದ್ದ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಅಂತ ಅವನು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದ. "ಚೆನ್ನಾಗಿ ಹಿಡಿದ್ರಿ ಬಿಡಿ."

"ನಾನು ಹಿಡಿಯೋಕೆ ಹೋಗಿದ್ದು ಅಂಕೀನ ಮಾರಾಯ, ಅತ್ತೇನಲ್ಲ!" ಅಂದಳು ಅವಳು. ಅವನು ನಂಬಿದ ಹಾಗೆ ಕಾಣಲಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದರು. ಆಸ್ಪತ್ರೆಯ ಕಾಗದ ಮೇಜಿನ ಮೇಲೆ ಸಕ್ಕರೆ ಡಬ್ಬದ ಕೆಳಗಿತ್ತು. ಒಂದೊಂದು ಬೀನ್ಸೂ ಟಕ್ ಅಂತ ಮುರಿಯುವ ರೀತಿಯಲ್ಲೇ ಅವರ ಮನಸ್ಸು ಹೇಗಿದೆ ಅಂತ ಗೊತ್ತಾಗುತ್ತಿತ್ತು.

"ದಾಖಲೆ ಪರಿಶೀಲನೆ ಅಂತೆ," ಅಂದರು. "ಸೋಮವಾರದವರೆಗೂ ಮನೇಲಿ ಕೂತಿರಬೇಕಂತೆ. ಏನು, ಎತ್ತ ಒಂದೂ ಬರೆದಿಲ್ಲ. ಯಾರೋ ನನ್ನ ಮೇಲೆ ಚಾಡಿ ಹೇಳಿದ್ದಾರೆ. ಅವರ ನಾಲಿಗೆ ಬಿದ್ದು ಹೋಗ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸೊಸೆ ತನಗರಿವಿಲ್ಲದೆ ಬಾಯಿ ಮುಚ್ಚಿಕೊಂಡಳು.

"ನೀನು ಅಲ್ಲೇ ರೆಕಾರ್ಡಲ್ಲಿ ಇರ್ತೀಯಲ್ಲ, ನಿನಗೇನಾದ್ರೂ ಗೊತ್ತಾ?"

"ಇಲ್ಲ ಅತ್ತೆ."

"ಅಮ್ಮ, ನೀನು ಬರೆಯೋದರಲ್ಲಿ ಏನಾದ್ರೂ ಹೆಚ್ಚು ಕಡಿಮೆ ಆಗಿರಬಹುದು," ಅಂದ ಸೊಸೆಯ ಗಂಡ, ಮೊಬೈಲಿನಿಂದ ತಲೆ ಎತ್ತದೆ.

"ನಾನು ಬರೆಯೋದು ಸರಿಯಾಗೇ ಇದೆ. ಓದೋರಿಗೆ ಬರಬೇಕಷ್ಟೆ," ಅಂದರು ಅತ್ತೆ. ಸೊಸೆ ಪಕ್ಕದಲ್ಲಿ ಕೂತು ತಾನೂ ಬೀನ್ಸ್ ಮುರಿಯತೊಡಗಿದಳು. ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು ಅವಳ ಪಾಡು.

ಶುಕ್ರವಾರ ಬೆಳಿಗ್ಗೆ ಅವಳು ಪ್ರೋಗ್ರಾಮನ್ನು ಪಕ್ಕಕ್ಕಿಟ್ಟು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದಳು. ಅತ್ತೆಯ ಷರಾಗಳನ್ನು ಕಣ್ಣಲ್ಲೇ ಓದಿದಳು. ಡಾಕ್ಟರು ಓದಿದ ಬಲೂನು ಮಗುವಿನದು ಹೀಗಿತ್ತು:

"11 ವಾರ. 61.3. 56.1. ಹಾಲು 8. ಕತ್ತು ನಿಂತಿದೆ."

ಎಂಟು! ಅದು ತೂಕವೇ ಅಲ್ಲ, ದಿನಕ್ಕೆ ಎಷ್ಟು ಸಲ ಹಾಲು ಕುಡಿಯುತ್ತದೆ ಅನ್ನುವ ಲೆಕ್ಕ. ಹದಿಮೂರನೇ ವಾರಕ್ಕೆ ಹತ್ತು ಸಲ, ಹದಿನೈದಕ್ಕೆ ಏಳು ಸಲ. ಸೊಸೆ ಕುರ್ಚಿಯಿಂದ ಅರ್ಧ ಎದ್ದಳು. ತಪ್ಪು ತನ್ನದು, ಅತ್ತೆಯದಲ್ಲ! ಈಗಲೇ ಡಾಕ್ಟರ ಬಳಿಗೆ ಓಡಬೇಕು ಅಂದುಕೊಂಡವಳು ಬಾಗಿಲವರೆಗೂ ಹೋಗಿ ನಿಂತಳು. ಸರಿ, ಎಂಟು ತೂಕವಲ್ಲ. ಹಾಗಾದರೆ ತೂಕ ಎಲ್ಲಿದೆ?

ತಿರುಗಿ ಬಂದು ಕೂತು ಓದಿದಳು. ತೂಕ ಇರಲಿಲ್ಲ. ಮುಂದಿನ ಷರಾದಲ್ಲೂ ಇರಲಿಲ್ಲ, ಅದರ ಮುಂದಿನದರಲ್ಲೂ ಇರಲಿಲ್ಲ. ನೂರು ಷರಾ ಓದಿದಳು, ಎಲ್ಲ ಕಡೆ ಐವತ್ತು ಅರವತ್ತರ ಆಸುಪಾಸಿನ ಎರಡೆರಡು ಅಂಕಿ, ಜೊತೆಗೆ ಹಾಲಿನ ಲೆಕ್ಕ. ಮಗುವಿನ ತೂಕ ನೋಡಲೆಂದೇ ಸಂಬಳ ಪಡೆಯುವ ನರ್ಸು ಒಂದು ಕಡೆಯೂ ತೂಕವನ್ನೇ ಬರೆದಿಲ್ಲ.

ಮತ್ತೆ ಆ 61.3 ಏನು? ಅದೇನೋ ಅವಳಿಗೆ ಬೇಗ ಹೊಳೆಯಿತು: ಮಗುವಿನ ಉದ್ದ. ಮೂರು ತಿಂಗಳ ಕೂಸು ಸುಮಾರು ಅರವತ್ತು ಸೆಂಟಿಮೀಟರ್ ಇರುತ್ತದೆ, ಗೋಡೆಯ ಚಾರ್ಟಿನಲ್ಲೇ ಹಾಕಿದ್ದರು. ಸಮಾಧಾನವಾಯಿತು. ಆದರೆ ಉದ್ದ 61.3 ಆದರೆ, 56.1 ಯಾವುದು? ಅದೂ ಉದ್ದವೇ? ಒಂದೇ ಭೇಟಿಯಲ್ಲಿ ಮಗು ಮೂರು ಬೆರಳಿನಷ್ಟು ಕುಗ್ಗಿತೇ? ಕಾಲು ಮಡಚಿಕೊಂಡಾಗ ಒಂದು ಸಲ, ಚಾಚಿದಾಗ ಒಂದು ಸಲ ಅಳೆದರೇ? ಮೊದಲ ಅಂಕಿಯನ್ನು ಉದ್ದ ಅಂತ ಹಿಡಿದು ಗ್ರಾಫ್ ಹಾಕಿ ನೋಡಿದಳು. ಮಕ್ಕಳು ಈ ವಾರ ಉದ್ದವಾದವು, ಎರಡು ವಾರ ಕಳೆದರೆ ಗಿಡ್ಡವಾದವು. ಎರಡನೆಯದನ್ನು ಹಿಡಿದರೆ ಇನ್ನೂ ಅಧ್ವಾನ. ಒಂದು ಕೂಸಿನದು 88.6 ಅಂತಿತ್ತು, ಆರು ವಾರದ ಆ ಕೂಸು ಎದ್ದು ನಿಂತರೆ ಮೇಜಿನ ಎತ್ತರ ಬಂದೀತು!

ಅವಳಿಗೆ ತಲೆ ಬುಡ ಒಂದೂ ತಿಳಿಯಲಿಲ್ಲ. ಎರಡನ್ನೂ ಕೂಡಿಸಿ ನೋಡಿದಳು, ಅರ್ಧ ಮಾಡಿ ನೋಡಿದಳು. ರಿಪೇರಿಯವನು ಇಣುಕಿ, "ಕಂಪ್ಯೂಟರ್ ಸುಳ್ಳು ಹೇಳಲ್ಲ," ಅಂತ ಉಪದೇಶ ಮಾಡಿ ಹೋದ. ಅವಳು ಕೂತಲ್ಲೇ ಕೂತಳು. ಮೊದಲು ಅನ್ನಿಸಿದ್ದು, ಅತ್ತೆ ಹೀಗೆ ಮಾಡುವವರೇ ಅಲ್ಲ ಅಂತ. ಸಂಜೆಯ ಹೊತ್ತಿಗೆ, ಮಾಡಿರಬಹುದೇನೋ, ಮಂಡಿ ನೋವು, ಮೂರು ಮಹಡಿ ಯಾರು ಹತ್ತುತ್ತಾರೆ, ಕೂತಲ್ಲೇ ಬರೆದಿರಬಹುದೇನೋ ಅಂತ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಡಾಕ್ಟರು ಅತ್ತೆಯ ಜೊತೆ ಮಾತಾಡಬೇಡ ಅಂದಿದ್ದರು. ತಾಯಂದಿರ ಜೊತೆ ಬೇಡ ಅಂದಿರಲಿಲ್ಲ. ಶನಿವಾರ ಬೆಳಿಗ್ಗೆ ಸೊಸೆ 61.3ರ ಮನೆ ಹುಡುಕಿಕೊಂಡು ಹೋದಳು.

ಅದು ಬೇಕರಿಯ ಹಿಂದಿನ ಕಟ್ಟಡ, ಮೂರನೇ ಮಹಡಿ. ಮೆಟ್ಟಿಲಿನ ತುಂಬ ಯಾರ ಯಾರದೋ ಸೈಕಲ್ಲು, ಬಕೆಟ್ಟು. ಬಾಗಿಲು ತೆಗೆದ ತಾಯಿ ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಮಗು ಕಿಟಕಿಯ ಹತ್ತಿರ ತುಂಡು ಬಟ್ಟೆಗಳ ನಡುವೆ ಮಲಗಿತ್ತು. ಗೋಡೆಯ ಮೇಲೆ ಕಾರ್ಡು. ಹೊಲಿಗೆಯವಳ ಅತ್ತೆ ಒಳಗಿನ ಕೋಣೆಯಿಂದಲೇ "ಯಾರದು?" ಅಂದರು.

"ಆಸ್ಪತ್ರೆಯಿಂದ. ಕಾರ್ಡಿನಲ್ಲಿ ಒಂದು ಚಿಕ್ಕ ಅನುಮಾನ ಇತ್ತು," ಅಂದಳು ಸೊಸೆ. "ಸಿಸ್ಟರ್ ಬಂದಾಗ ಮಗುವಿನ ಉದ್ದ ಹೇಗೆ ಅಳೀತಾರೆ?"

"ಉದ್ದಾನಾ?" ಹೊಲಿಗೆಯವಳು ನಕ್ಕಳು. "ಅಳೆಯೋದೆಲ್ಲ ನನ್ನ ಕೆಲಸ. ಸಿಸ್ಟರ್ ಒಂದಿನಾನೂ ಉದ್ದ ಅಳೆದಿಲ್ಲ."

"ಮತ್ತೆ ಬಂದು ಏನು ಮಾಡ್ತಾರೆ?"

"ತೂಕ ನೋಡ್ತಾರೆ. ಚೀಲದಿಂದ ತೂಕದ ಮೆಷಿನ್ ತೆಗೆದು ಇಲ್ಲಿ ನೆಲದ ಮೇಲಿಡ್ತಾರೆ. ಮೊದಲು ಮಗೂನ ಎತ್ಕೊಂಡು ನಿಂತ್ಕೋ ಅಂತಾರೆ. ಆಮೇಲೆ ಮಗೂನ ತಾವು ಇಸ್ಕೊಂಡು, ನೀನೊಬ್ಬಳೇ ನಿಂತ್ಕೋ ಅಂತಾರೆ. ಎರಡೂ ಬರ್ಕೋತಾರೆ. ಮಗು ಒಂದನ್ನೇ ಮಲಗಿಸಿದ್ರೆ ಒದ್ದಾಡುತ್ತೆ, ಸರಿಯಾಗಿ ತೋರಿಸಲ್ಲ ಅಂತ ನಮ್ಮತ್ತೆಗೆ ಹೇಳಿದ್ದಾರೆ."

ಸೊಸೆ ಅಲ್ಲೇ ನಿಂತು ಬೆರಳು ಮಡಚಿದಳು. ಅರವತ್ತೊಂದೂ ಮೂರರಲ್ಲಿ ಐವತ್ತಾರೂ ಒಂದು ಕಳೆದರೆ ಐದೂ ಎರಡು. ಹನ್ನೊಂದು ವಾರದ ಮಗುವಿಗೆ ಐದೂ ಕಾಲು ಕೆಜಿ, ಹೇಳಿ ಮಾಡಿಸಿದ ತೂಕ. ಅವಳಿಗೆ ಹೊಲಿಗೆಯವಳನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಅಂತ ನಗುವೂ ಬಂತು.

"ಇಷ್ಟೇನಾ! ಹಾಗಾದ್ರೆ ಮಗು ತೂಕ ಇಷ್ಟು, ತಾಯಿ ತೂಕ ಇಷ್ಟು ಅಂತ ಬರೆದಿದ್ರೆ ಆಗ್ತಿತ್ತಲ್ಲ. ಬರೀ ಅಂಕಿ ಯಾಕೆ ಬರೀತಾರೆ?"

ಹೊಲಿಗೆಯವಳು ಒಳಗಿನ ಕೋಣೆಯ ಕಡೆ ನೋಡಿ, ಮೆಷಿನ್ನಿನ ಮುಂದೆ ಕೂತು ಸುಮ್ಮನೆ ಪೆಡಲ್ ತುಳಿದಳು. ಆ ಸದ್ದಿನಲ್ಲಿ ದನಿ ತಗ್ಗಿಸಿ ಹೇಳಿದಳು: "ಕಾರ್ಡು ಗೋಡೆ ಮೇಲಿರುತ್ತಲ್ಲ, ಅದಕ್ಕೆ. ನನ್ನ ತೂಕಾನೂ ನೋಡ್ತಿದ್ದಾರೆ ಅಂತ ಮನೆಯೋರಿಗೆ ಗೊತ್ತಾಗಬಾರದು. ಮೂರನೇ ಸಲ ಬಂದಾಗ ನನ್ನ ತೂಕ ನಾಲ್ಕು ಕೆಜಿ ಇಳಿದಿತ್ತು. ಕೆಲಸ ಮುಗಿಸಿ ನಾನು ತಟ್ಟೆ ಮುಂದೆ ಕೂರೋ ಹೊತ್ತಿಗೆ ಪಾತ್ರೆ ಖಾಲಿ ಆಗಿರ್ತಿತ್ತು. ಯಾರಿಗೆ ಹೇಳಲಿ? ಸಿಸ್ಟರ್ ಅಂಕಿ ನೋಡಿದ್ರು, ನನ್ನ ಮುಖ ನೋಡಿದ್ರು. ನನ್ನ ಏನೂ ಕೇಳಲಿಲ್ಲ. ನೆಟ್ಟಗೆ ಒಳಗೆ ಹೋಗಿ ನಮ್ಮತ್ತೆಗೆ, 'ಮೊಮ್ಮಗು ತೂಕ ಸಾಲದು, ತಾಯಿ ಮೂರು ಹೊತ್ತು ಹೊಟ್ಟೆ ತುಂಬ ತಿನ್ನಬೇಕು, ಮುಂದಿನ ಸಲ ನಾನು ನೋಡ್ತೀನಿ' ಅಂದ್ರು. ಮಗು ತೂಕ ಚೆನ್ನಾಗೇ ಇತ್ತು, ನನಗೆ ಕಳೆಯೋದು ಬರಲ್ವಾ? ಆವತ್ತಿಂದ ನನಗೆ ಮೊದಲು ಬಡಿಸ್ತಾರೆ." ಪೆಡಲ್ ನಿಲ್ಲಿಸಿದಳು. "ಸಿಸ್ಟರ್ ಈ ವಾರ ಯಾಕೆ ಬರಲಿಲ್ಲ?"

"ಬರ್ತಾರೆ," ಅಂದಳು ಸೊಸೆ. ಕೆಳಗಿಳಿಯುವಾಗ ಅವಳ ಖುಷಿ ಅರ್ಧಕ್ಕೆ ಇಳಿದಿತ್ತು. ಅಂಕಿಯ ಗಂಟು ಬಿಚ್ಚಿತು, ಆದರೆ ಇದನ್ನು ಡಾಕ್ಟರಿಗೆ ಹೇಳುವುದು ಹೇಗೆ? ಹೇಳಿದರೆ ಹೊಲಿಗೆಯವಳ ಮನೆಯ ಮಾತು ಬೀದಿಗೆ ಬರುತ್ತದೆ. ಹೇಳದಿದ್ದರೆ ಅತ್ತೆಯ ಮಾನ ಹೋಗುತ್ತದೆ.

ಭಾನುವಾರ ಬೆಳಿಗ್ಗೆ ರೆಕಾರ್ಡ್ ರೂಮಿನ ಬೀಗ ತೆಗೆಸಿ ಅವಳು ಹೊಸ ನಿಯಮ ಬರೆದಳು: ನಲವತ್ತಕ್ಕಿಂತ ದೊಡ್ಡ ಅಂಕಿ ಎರಡಿದ್ದರೆ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆ. ಓಡಿಸಿದಳು. ಅತ್ತೆಯ ನೂರಾರು ಕೂಸುಗಳು ಕುಣಿತ ನಿಲ್ಲಿಸಿ ಒಂದೇ ಸಮ ಬೆಳೆದವು. ಆರು ನರ್ಸುಗಳಲ್ಲಿ ಅತ್ತೆಯ ಗ್ರಾಫುಗಳೇ ಎಲ್ಲಕ್ಕಿಂತ ನುಣುಪಾಗಿದ್ದವು. ಸೊಸೆಗೆ ಖಾಲಿ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಬೇಕು ಅನ್ನಿಸಿತು, ತಟ್ಟಿದಳು.

ಪರದೆಯ ಕೊನೆಯಲ್ಲಿ ಒಂದು ಸಾಲು ಬಂದಿತ್ತು. ದೊಡ್ಡ ಸಿಸ್ಟರರ ಮೊದಲ ನಾಲ್ಕು ತಿಂಗಳ ಷರಾಗಳಲ್ಲಿ ಎರಡು ಅಂಕಿ ಇಲ್ಲ, ಒಂದೇ ಇದೆ ಅಂತ. ತೆಗೆದು ನೋಡಿದಳು. ಆ ದಿನಗಳಲ್ಲಿ ಅತ್ತೆಯೂ ಉಳಿದವರ ಹಾಗೆಯೇ "3.6 ಕೆಜಿ, ತಾಯಿ ಆರೋಗ್ಯ" ಅಂತ ಬರೆಯುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಎರಡು ಅಂಕಿ ಶುರುವಾಗಿತ್ತು. ಆಮೇಲೆ ಒಂಬತ್ತು ವರ್ಷ ನಿಂತಿರಲಿಲ್ಲ. ಶುರುವಾದದ್ದು ಯಾವ ಮಗುವಿನಿಂದ ಅಂತ ನೋಡಿದಳು. ವಿಳಾಸ ಓದಿದಳು, ಇನ್ನೊಮ್ಮೆ ಓದಿದಳು. ಅದು ಅವಳದೇ ಮನೆ. ಮಗು ಅವಳದೇ ಮಗಳು.

"3 ವಾರ. 3.5 ಕೆಜಿ. ತಾಯಿ ಊಟ ಚೆನ್ನಾಗಿ ಮಾಡುತ್ತಾಳೆ."
"5 ವಾರ. 4 ಕೆಜಿ. ತಾಯಿ ಊಟ ಚೆನ್ನಾಗಿ ಮಾಡುತ್ತಾಳೆ."
"7 ವಾರ. 4.4 ಕೆಜಿ. ತಾಯಿ ಊಟ ಚೆನ್ನಾಗಿ ಮಾಡುತ್ತಾಳೆ."
"9 ವಾರ. 48.9. 44.2."

ಒಂಬತ್ತನೇ ವಾರದಲ್ಲಿ ಊಟದ ಮಾತೇ ಇರಲಿಲ್ಲ.

ಸೊಸೆ ಆ ದಿನಗಳನ್ನು ನೆನೆಯದೆ ಬಹಳ ಕಾಲವಾಗಿತ್ತು. ಮಗು ಹುಟ್ಟಿದ ಮೇಲೆ ಅವಳಿಗೆ ಏನೋ ಆಗಿತ್ತು. ಯಾರೂ ಬೈದಿರಲಿಲ್ಲ, ಯಾರೂ ಕಡಿಮೆ ಮಾಡಿರಲಿಲ್ಲ. ಆದರೂ ತಟ್ಟೆ ಕಂಡರೆ ಅಳು ಬರುತ್ತಿತ್ತು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ತನಗೆಂದು ಮುಚ್ಚಿಟ್ಟು ಹೋದದ್ದನ್ನು ಸಿಂಕಿಗೆ ಸುರಿದು, ನಲ್ಲಿ ಬಿಟ್ಟು, ತಟ್ಟೆ ತೊಳೆದು ಕವುಚಿ ಇಡುತ್ತಿದ್ದಳು. ಸಂಜೆ ಅತ್ತೆ ಬಂದು ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತಿದ್ದಳು. ಒಂದು ದಿನ ಅತ್ತೆ ಮಗುವಿನ ತೂಕ ನೋಡೋಣ ಅಂತ ಮೆಷಿನ್ ತಂದು ಅವಳನ್ನೇ ಅದರ ಮೇಲೆ ನಿಲ್ಲಿಸಿದರು. ಮರುದಿನದಿಂದ ಒಂದೂವರೆ ತಿಂಗಳು ಮಧ್ಯಾಹ್ನದ ಹೊತ್ತು ಮನೆಗೆ ಬಂದು ಅವಳ ಎದುರೇ ಕೂತು ಊಟ ಮಾಡಿದರು. ಕಾವಲು ಕಾಯುತ್ತಾಳೆ ಮುದುಕಿ ಅಂತ ಅವಳು ಆಗ ಒಳಗೊಳಗೇ ಕುದಿದಿದ್ದಳು. ಅತ್ತೆ ಕಾರಣ ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಸೋಮವಾರ ಹತ್ತು ಗಂಟೆಗೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಮೂವರೇ. ಅತ್ತೆ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬಂದಿದ್ದರು. ಕೂರಿ ಅಂದರೂ ಕೂರಲಿಲ್ಲ. ಗ್ರಾಫ್ ಮಾಡಿದವಳು ಸೊಸೆ ಅಂತ ಡಾಕ್ಟರು ಹೇಳಿದಾಗ ಒಮ್ಮೆ ಅವಳ ಕಡೆ ನೋಡಿದರು. ಸೊಸೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವಳು ಹಳೆಯ ಗ್ರಾಫಿನ ಪಕ್ಕದಲ್ಲಿ ಹೊಸದನ್ನು ಇಟ್ಟಳು. ತಪ್ಪು ತನ್ನ ನಿಯಮದ್ದು, ಹಾಲಿನ ಲೆಕ್ಕವನ್ನು ತೂಕ ಅಂತ ಹಿಡಿದೆ, ಇವು ತಾಯಿ ಮಗು ಸೇರಿದ ತೂಕ ಮತ್ತು ತಾಯಿಯ ತೂಕ ಅಂತ ವಿವರಿಸಿದಳು. ಡಾಕ್ಟರು ಹತ್ತಾರು ಕಡೆ ತಾವೇ ಕಳೆದು ನೋಡಿದರು. ಅವರ ಮುಖ ಸ್ವಲ್ಪ ಸಡಿಲವಾಯಿತು, ಪೂರ್ತಿ ಆಗಲಿಲ್ಲ.

"ಭೇಟಿಗೆ ಹೋಗಿದ್ದಾರೆ ಅನ್ನೋದು ಸರಿ. ಆದ್ರೆ ಸಿಸ್ಟರ್, ಮಗುವಿನ ತಕ್ಕಡಿ ಆಸ್ಪತ್ರೆಯಿಂದ ಕೊಟ್ಟಿದ್ವಲ್ಲ?"

"ಕೊಟ್ಟಿದ್ರಿ."

"ಅದನ್ನ ಬಿಟ್ಟು ತಾಯಿನ ಯಾಕೆ ನಿಲ್ಲಿಸಿದ್ರಿ? ನಿಲ್ಲಿಸಿದ ಮೇಲೆ ಯಾವುದು ಯಾರ ತೂಕ ಅಂತ ಯಾಕೆ ಬರೀಲಿಲ್ಲ?"

ಅತ್ತೆ ನೆಲ ನೋಡಿದರು. "ಅಭ್ಯಾಸ ಆಗೋಯ್ತು."

"ಒಂಬತ್ತು ವರ್ಷ ನಿಯಮ ಮುರಿದಿದ್ದೀರಿ. ಕಾರಣ ಹೇಳದೆ ಇದ್ರೆ, ಕೇಳಿದರೂ ಹೇಳಲಿಲ್ಲ ಅಂತಲೇ ನಾನು ಬರೀಬೇಕಾಗುತ್ತೆ. ನಿವೃತ್ತಿ ಕಾಗದದ ಜೊತೆ ಅದೂ ಹೋಗುತ್ತೆ."

ಅತ್ತೆ ಬಾಯಿ ಬಿಡಲಿಲ್ಲ. ಬಿಡುವುದೂ ಇಲ್ಲ ಅಂತ ಸೊಸೆಗೆ ಗೊತ್ತಿತ್ತು. ನೂರಾರು ಹೆಂಗಸರ ತೂಕ ಆ ಬಾಯೊಳಗಿತ್ತು. ಅದರಲ್ಲಿ ಒಬ್ಬಳ ಲೆಕ್ಕ ಹೇಳುವ ಹಕ್ಕು ಮಾತ್ರ ಸೊಸೆಗಿತ್ತು. ಅವಳು ಫೈಲಿನಿಂದ ಇನ್ನೊಂದು ಹಾಳೆ ತೆಗೆದು ಡಾಕ್ಟರ ಮುಂದಿಟ್ಟಳು.

"ಇದು ಮೊದಲನೇದು. ಇಲ್ಲಿಂದ ಶುರುವಾಗಿದ್ದು. ಈ 44.2 ನಾನು."

ಅತ್ತೆ ಥಟ್ಟನೆ ತಲೆ ಎತ್ತಿದರು. "ಅದನ್ನ ಯಾಕೆ ತೆಗೆದೆ? ಒಳಗಿಡು."

"ಇರಲಿ ಅತ್ತೆ, ನನ್ನದೇ ತಾನೆ."

ಡಾಕ್ಟರು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಊಟ ಚೆನ್ನಾಗಿ ಮಾಡುತ್ತಾಳೆ, ಊಟ ಚೆನ್ನಾಗಿ ಮಾಡುತ್ತಾಳೆ, ಊಟ ಚೆನ್ನಾಗಿ ಮಾಡುತ್ತಾಳೆ, ನಲವತ್ತನಾಲ್ಕೂ ಎರಡು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಒಂದೇ ಮನೇಲಿದ್ದು ಗೊತ್ತಾಗಲಿಲ್ವಾ ಸಿಸ್ಟರ್?" ಅಂದರು, ಮೆಲ್ಲಗೆ.

"ಗೊತ್ತಾಗಲಿಲ್ಲ ಡಾಕ್ಟ್ರೇ." ಅತ್ತೆ ಆ ಹಾಳೆಯ ಮೇಲೆ ಕೈಯಿಟ್ಟರು. "ಊರ ಬಾಣಂತಿಯರನ್ನೆಲ್ಲ ನೋಡೋಳು ನಾನು. ಮನೇಲಿರೋಳನ್ನ ದಿನಾ ಬಾಯಲ್ಲಿ ಕೇಳಿ, ಆಯ್ತು ಅಂದಿದ್ದನ್ನ ನಂಬಿ ಬರೆದುಬಿಟ್ಟೆ. ಬೆಳಿಗ್ಗೆ ಅವಸರದಲ್ಲಿ ಒಂದು ಸೌಟು ಬಡಿಸಿ, ಮುಚ್ಚಿಟ್ಟು ಓಡ್ತಿದ್ದೆ. ಹೊಸ ಹುಡುಗಿ, ಸಾಲದು ಅಂತ ಬಾಯಿ ಬಿಟ್ಟು ಕೇಳ್ತಾಳಾ? ನನ್ನ ಮನೇಲೇ, ನನ್ನ ಕೈಯಲ್ಲೇ ಅವಳು ಹಸ್ಕೊಂಡಿದ್ಲು. ಆವತ್ತಿಂದ ಯಾವ ಮನೇಲೂ ನಾನು ಕೇಳೋಕೆ ಹೋಗಲಿಲ್ಲ. ತೂಗಿದೆ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಒಂದು ಸಾಲು ಬರೆದು ಸಹಿ ಹಾಕಿ ಓದಿದರು: "ದಾಖಲೆ ಸರಿಯಾಗಿದೆ. ತೂಗುವ ವಿಧಾನಕ್ಕೆ ನನ್ನ ಒಪ್ಪಿಗೆ ಇದೆ." ಫೈಲ್ ಮುಚ್ಚಿದರು. "ನಾಳೆಯಿಂದ ಭೇಟಿಗೆ ಹೋಗಿ ಸಿಸ್ಟರ್. ಉಳಿದ ಐದು ಜನಕ್ಕೂ ಹೇಗೆ ಮಾಡೋದು ಅಂತ ತೋರಿಸಿಕೊಡಿ."

ಅತ್ತೆಯ ಹೆಸರು ಉಳಿಯಿತು. ಸೊಸೆಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಸಾಲಲಿಲ್ಲವೇ? ಒಂದು ಸೌಟು ಬಡಿಸಿದ್ದು ಸಾಲಲಿಲ್ಲ ಅಂತ ಈ ಹೆಂಗಸು ಇಷ್ಟು ವರ್ಷ ಅಂದುಕೊಂಡೇ ಇದ್ದರೇ?

"ಅತ್ತೆ," ಅಂದಳು. "ನೀವು ಬಡಿಸಿದ್ದು ಕಡಿಮೆ ಆಗಿರಲಿಲ್ಲ. ನಾನೇ ಸಿಂಕಿಗೆ ಸುರೀತಿದ್ದೆ."

ಅತ್ತೆಗೆ ಅರ್ಥವಾಗಲಿಲ್ಲ. "ಏನನ್ನ?"

"ಊಟನ. ದಿನಾ. ನೀವು ಹೋದ ಮೇಲೆ ಸುರಿದು ತಟ್ಟೆ ತೊಳೆದಿಡ್ತಿದ್ದೆ."

"ಯಾಕೆ?"

"ಗೊತ್ತಿಲ್ಲ ಅತ್ತೆ. ಏನೋ ಆಗಿತ್ತು. ಆಗ್ಲೂ ಗೊತ್ತಾಗಲಿಲ್ಲ, ಈಗ್ಲೂ ಗೊತ್ತಿಲ್ಲ."

ಇಷ್ಟು ಹೊತ್ತು ನಿಂತೇ ಇದ್ದ ಅತ್ತೆ ಕುರ್ಚಿಯನ್ನು ಕೈಯಲ್ಲಿ ತಡಕಾಡಿ ಕೂತರು. ಬೈಯುತ್ತಾರೋ ಅಳುತ್ತಾರೋ ಸೊಸೆಗೆ ತಿಳಿಯಲಿಲ್ಲ. ಅವರಿಗೇ ತಿಳಿದ ಹಾಗಿರಲಿಲ್ಲ. "ಹುಚ್ಚು ಹುಡುಗಿ," ಅಂದರು ಒಮ್ಮೆ. "ಆಗೆಲ್ಲ ಒಬ್ಬಳೇ ಇದ್ದೆಯಲ್ಲೇ," ಅಂದರು ಇನ್ನೊಮ್ಮೆ. ಆಮೇಲೆ ಕೈ ಚಾಚಿ, ನಾಡಿ ನೋಡುವಾಗ ಹಿಡಿಯುವ ಹಾಗೆ ಅವಳ ಮಣಿಕಟ್ಟು ಹಿಡಿದುಕೊಂಡರು. ಡಾಕ್ಟರು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ ಮೇಲೂ ಬಿಡಲಿಲ್ಲ.